ಸಂಜೆ ಐದರ ಅಕ್ಕನ ಗೌರವಧನ ಎಲ್ಲಿಂದ ಬರಬೇಕು?

ಶಾಲೆಗೆ ಬೆಂಚು ಮಾಡಿಸಿಕೊಡುವವರು ಸಿಗುತ್ತಾರೆ. ಗೋಡೆಗೆ ಬಣ್ಣ ಹೊಡೆಸುವವರು, ಜೂನ್‌ನಲ್ಲಿ ನೋಟ್‌ಬುಕ್ಕು ಹಂಚುವವರು, ಆಗಸ್ಟ್ ಹದಿನೈದಕ್ಕೆ ಸಿಹಿ ಕೊಡಿಸುವವರು ಬಹುಪಾಲು ಊರುಗಳಲ್ಲಿ ಇದ್ದಾರೆ. ಆದರೆ ಶಾಲೆ ಬಿಟ್ಟ ಮೇಲೆ ದಿನಾ ಸಂಜೆ ಐದಕ್ಕೆ ತಪ್ಪದೆ ಬಂದು, ಮಕ್ಕಳನ್ನು ಗುಂಪಾಗಿ ಕೂರಿಸಿಕೊಂಡು, ತಡವರಿಸುವವನ ಪಕ್ಕ ಕೂತು ಸಾಲಿನ ಕೆಳಗೆ ಬೆರಳಿಟ್ಟು ಓದಿಸುವ ಹುಡುಗಿಗೆ ತಿಂಗಳ ಗೌರವಧನ ಕೊಡುತ್ತೇವೆ ಎನ್ನುವವರು ಅಪರೂಪ. ಉತ್ಸಾಹದಿಂದ ಶುರುವಾದ ಸಂಜೆ ಕಲಿಕಾ ಕೇಂದ್ರಗಳು ಎರಡನೇ ವರ್ಷ ಸೊರಗುವುದಕ್ಕೆ ದೊಡ್ಡ ಕಾರಣ ಇದೇ ಎಂದು ನನಗೆ ಅನ್ನಿಸುತ್ತದೆ. ದಾನಿಗಳಿಗೆ ವಸ್ತು ಕೊಡುವುದು ಇಷ್ಟ, ಕೇಂದ್ರ ನಿಂತಿರುವುದು ಮನುಷ್ಯರ ಮೇಲೆ. ಹಣ ಹೊಂದಿಸುವವರು ಈ ಅಂತರವನ್ನು ಮೊದಲ ದಿನವೇ ಲೆಕ್ಕಕ್ಕೆ ತಂದುಕೊಳ್ಳಬೇಕು.

ಮನೆಪಾಠಕ್ಕೆ ದುಡ್ಡು ಕೊಡಬಲ್ಲವರ ಮಕ್ಕಳ ಸಂಜೆಗೆ ಒಂದು ವ್ಯವಸ್ಥೆ ಇದೆ. ಅಪ್ಪ ಗಾರೆ ಕೆಲಸಕ್ಕೆ, ಅಮ್ಮ ಗಾರ್ಮೆಂಟ್ಸ್‌ಗೋ ಕಳೆ ಕೀಳಲೋ ಹೋದ ಮನೆಯ ಮಗುವಿಗೆ ಶಾಲೆ ಬಿಟ್ಟಾಗಿನಿಂದ ದೀಪ ಹಚ್ಚುವವರೆಗಿನ ಹೊತ್ತು ಬರಿದು. ಮೊಬೈಲು, ಬೀದಿ, ಇಲ್ಲವೇ ತಮ್ಮನನ್ನು ಎತ್ತಿಕೊಂಡು ತಿರುಗುವ ಕೆಲಸ. ಆ ಎರಡು ಗಂಟೆಯಲ್ಲಿ ಒಂದಿಷ್ಟು ತಿಂಡಿ, ಒಂದಿಷ್ಟು ಆಟ, ಒಂದಿಷ್ಟು ಓದು, ಜತೆಗೆ 'ಇವತ್ತು ಯಾಕೆ ಮಂಕಾಗಿದ್ದೀಯ' ಎಂದು ಕೇಳುವ ಒಬ್ಬ ಹಿರಿಯರು ಸಿಕ್ಕರೆ ಮಗುವಿಗೆ ಅದೇ ದೊಡ್ಡ ಆಸರೆ. ಅಮೆರಿಕದಲ್ಲಿ ಶಾಲೆಯ ನಂತರದ ಇಂಥ ಕೇಂದ್ರಗಳಿಗೆಂದೇ ಕೇಂದ್ರ ಸರ್ಕಾರದ ಪ್ರತ್ಯೇಕ ಅನುದಾನವಿದೆ, ವರ್ಷಕ್ಕೆ ಸುಮಾರು 130 ಕೋಟಿ ಡಾಲರ್. ನಮ್ಮ ಹಳ್ಳಿಯ ಗುಂಪೊಂದು ಅರ್ಜಿ ಹಾಕಿ ಪಡೆಯಬಹುದಾದ ಅಂಥ ಒಂದೇ ಬಾಬತ್ತು ನಮ್ಮಲ್ಲಿಲ್ಲ. ನಾಲ್ಕೈದು ಕಡೆಯಿಂದ ತಂದು ಹೊಂದಿಸಬೇಕು.

ಖರ್ಚಿನ ಪಟ್ಟಿ ಮೊದಲು

ಹಣ ಕೇಳುವ ಮುನ್ನ ಖರ್ಚು ಬರೆದುಕೊಳ್ಳಿ. ನಲವತ್ತು ಮಕ್ಕಳ ಒಂದು ಕೇಂದ್ರ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 11 ತಿಂಗಳು, ವಾರಕ್ಕೆ ಐದು ದಿನ, ದಿನಕ್ಕೆ ಎರಡು ಗಂಟೆ. ಹಬ್ಬ, ರಜೆ ಕಳೆದರೆ ಸುಮಾರು 200 ಸಂಜೆ. ಕಲಿಸುವ ಇಬ್ಬರಿಗೆ ತಿಂಗಳಿಗೆ ತಲಾ 6,000 ರೂಪಾಯಿಯಂತೆ 1,32,000. ಮಗುವಿಗೆ ದಿನಕ್ಕೆ ಹತ್ತು ರೂಪಾಯಿಯ ತಿಂಡಿ, ಒಂದು ದಿನ ಒಗ್ಗರಣೆ ಅವಲಕ್ಕಿ, ಒಂದು ದಿನ ಬೇಯಿಸಿದ ಶೇಂಗಾ, ಒಂದು ದಿನ ಬಾಳೆಹಣ್ಣು ಎಂದುಕೊಂಡರೆ 80,000. ಕಥೆ ಪುಸ್ತಕ, ಸ್ಲೇಟು, ಚೆಂಡು, ಕೇರಂ ಬೋರ್ಡಿಗೆ 15,000. ದೀಪ, ಕಸಗುಡಿಸುವುದಕ್ಕೆ 11,000. ಕಲಿಸುವವರ ತರಬೇತಿ ಮತ್ತು ಓಡಾಟಕ್ಕೆ 12,000. ಲೆಕ್ಕಪರಿಶೋಧನೆ ಮತ್ತು ಕಾಗದಪತ್ರಕ್ಕೆ 15,000. ಒಟ್ಟು 2,65,000 ರೂಪಾಯಿ, ಮಗುವೊಂದಕ್ಕೆ ವರ್ಷಕ್ಕೆ 6,625. ನಿಮ್ಮ ಊರಿನಲ್ಲಿ ಮೊತ್ತ ಹೆಚ್ಚುಕಡಿಮೆ ಆದೀತು, ಅನುಪಾತ ಹೆಚ್ಚು ಬದಲಾಗದು: ನೂರಕ್ಕೆ ಎಂಬತ್ತು ಭಾಗ ಹೋಗುವುದು ಕಲಿಸುವವರಿಗೆ ಮತ್ತು ತಿಂಡಿಗೆ. ಎರಡೂ ಪ್ರತಿ ತಿಂಗಳ ಖರ್ಚು. ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳಬಹುದಾದ ಖರ್ಚು ಇದರಲ್ಲಿ ಬಹಳ ಕಡಿಮೆ.

ಕಲಿಸುವವರು ಬಿ.ಇಡಿ. ಆದವರೇ ಆಗಬೇಕೆಂದಿಲ್ಲ. 2001ರಿಂದ 2003ರವರೆಗೆ ಮುಂಬಯಿ ಮತ್ತು ವಡೋದರಾದ ಶಾಲೆಗಳಲ್ಲಿ ಪ್ರಥಮ್ ಸಂಸ್ಥೆಯ 'ಬಾಲಸಖಿ' ಕಾರ್ಯಕ್ರಮವನ್ನು ಅರ್ಥಶಾಸ್ತ್ರಜ್ಞರ ತಂಡವೊಂದು ಅಳೆದು ನೋಡಿತ್ತು. ಬಾಲಸಖಿಯರು ಅದೇ ಬಡಾವಣೆಗಳ ಯುವತಿಯರು. ಆಗ ತಿಂಗಳಿಗೆ 500ರಿಂದ 750 ರೂಪಾಯಿ ಪಡೆಯುತ್ತಿದ್ದರು. ಕಲಿಕೆಯಲ್ಲಿ ಹಿಂದುಳಿದ 15–20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಪ್ರತ್ಯೇಕ ಕೂರಿಸಿಕೊಂಡು ಮೂಲ ಓದು, ಲೆಕ್ಕ ಹೇಳಿಕೊಡುತ್ತಿದ್ದರು. ಅಂಥ ಶಾಲೆಗಳ ಮಕ್ಕಳ ಅಂಕ ಸ್ಪಷ್ಟವಾಗಿ ಏರಿತು. ಅದು ಶಾಲೆಯ ಹೊತ್ತಿನಲ್ಲೇ ನಡೆದದ್ದು ನಿಜ, ಆದರೂ ಸಂಜೆ ಕೇಂದ್ರಕ್ಕೆ ಬೇಕಾದ ಪಾಠ ಅದರಲ್ಲಿದೆ. ಪಿಯುಸಿ ಮುಗಿಸಿದ ಊರಿನದೇ ಹುಡುಗಿ, ಚಿಕ್ಕ ಗುಂಪು, ಮಗು ನಿಂತಿರುವ ಹಂತದಿಂದಲೇ ಶುರುಮಾಡುವ ಪಾಠ, ಇಷ್ಟು ಸಾಕು. ಇನ್ನೊಂದು ಎಚ್ಚರಿಕೆ: ಶಾಲೆಯ ಮೇಷ್ಟ್ರಿಗೇ ದುಡ್ಡು ಕೊಟ್ಟು ಸಂಜೆ ಪಾಠ ಹೇಳಿಸೋಣ ಎಂಬ ಸಲಹೆ ಎಲ್ಲ ಸಭೆಯಲ್ಲೂ ಬರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಶಿಕ್ಷಕರ ಖಾಸಗಿ ಪಾಠವನ್ನು ನಿಷೇಧಿಸುತ್ತದೆ. ಅವರ ಸಲಹೆ ಕೇಳಿ, ಸಂಬಳದ ಪಟ್ಟಿಯಲ್ಲಿ ಅವರ ಹೆಸರು ಬೇಡ.

ಮಕ್ಕಳಿಂದ ಶುಲ್ಕ ತೆಗೆದುಕೊಳ್ಳಬೇಕೆ? ಬೇಡ ಎನ್ನುವ ಕಡೆ ನಾನಿದ್ದೇನೆ. ತಿಂಗಳಿಗೆ ಐವತ್ತೇ ರೂಪಾಯಿ ಇಟ್ಟರೂ ಮೊದಲು ಬಿಟ್ಟುಹೋಗುವುದು ಯಾರಿಗಾಗಿ ಕೇಂದ್ರ ತೆರೆದೆವೋ ಅದೇ ಮಗು. ತಂದೆತಾಯಿ ಸರದಿಯಂತೆ ತಿಂಡಿ ಮಾಡಿಕೊಡಲಿ, ಕತ್ತಲಾದ ಮೇಲೆ ಮಕ್ಕಳನ್ನು ಮನೆ ಮುಟ್ಟಿಸಲಿ. ಅದೂ ವಂತಿಗೆಯೇ.

ಯಾವ ಹಣ ಯಾವ ಖರ್ಚಿಗೆ

ಸರ್ಕಾರದ ಹಣದಿಂದ ಶುರುಮಾಡೋಣ. ಶಾಸಕರ, ಸಂಸದರ ಪ್ರದೇಶಾಭಿವೃದ್ಧಿ ನಿಧಿ ಕಟ್ಟಡ, ಕಾಂಪೌಂಡಿನಂಥ ಶಾಶ್ವತ ಆಸ್ತಿಗೆ. ಗೌರವಧನಕ್ಕೆ ಅಲ್ಲಿ ದಾರಿಯಿಲ್ಲ. ಪಂಚಾಯಿತಿಗೆ ಬರುವ ಹಣಕಾಸು ಆಯೋಗದ ಅನುದಾನಕ್ಕೂ ಕಟ್ಟುಪಾಡುಗಳಿವೆ. 15ನೇ ಆಯೋಗದ ಅನುದಾನದಲ್ಲಿ ಶೇ 60ರಷ್ಟು ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು. ಉಳಿದದ್ದನ್ನೂ ಸಂಬಳ, ಸಿಬ್ಬಂದಿ ವೆಚ್ಚಕ್ಕೆ ಬಳಸುವಂತಿರಲಿಲ್ಲ. ಹಾಗಾಗಿ ಪಂಚಾಯಿತಿಯ ಬಳಿ ಕೇಳಬೇಕಾದದ್ದು ಜಾಗ, ದೀಪ, ಪುಸ್ತಕ, ಕಪಾಟು. ಅದನ್ನು ಕೊಡುವ ಸ್ಥಿತಿಯಲ್ಲಿ ಕರ್ನಾಟಕದ ಪಂಚಾಯಿತಿಗಳು ಇವತ್ತು ಇವೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಮನೆ, ಕಟ್ಟಡ ತೆರಿಗೆಯ ಜತೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ವಸೂಲಾಗುತ್ತದೆ. ಹಳ್ಳಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದ ಮೇಲೆ 'ಅರಿವು ಕೇಂದ್ರ'ಗಳಾಗಿವೆ. 2020ರ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಅರಿವು ಕೇಂದ್ರ ಚೆನ್ನಾಗಿ ನಡೆಯುತ್ತಿರುವ ಊರಲ್ಲಿ ಹೊಸ ಕೋಣೆ ಹುಡುಕುವ ಬದಲು ಅಲ್ಲಿನ ಮೇಲ್ವಿಚಾರಕರ ಜತೆ ಕೂತು ಮಾತಾಡುವುದೇ ಮೊದಲ ಕೆಲಸ.

ಪಂಚಾಯಿತಿಯ ಸ್ವಂತ ವರಮಾನಕ್ಕೆ ಸ್ವಲ್ಪ ಹೆಚ್ಚು ಸ್ವಾತಂತ್ರ್ಯವಿದೆ. ಅದರಲ್ಲಿ ಶೇ 25 ಭಾಗ ಪರಿಶಿಷ್ಟ ಜಾತಿ, ಪಂಗಡದವರಿಗೆ ಮೀಸಲು. ಕೇಂದ್ರ ಆ ಕೇರಿಯಲ್ಲೇ ನಡೆಯುವುದಾದರೆ ಈ ಹಣದ ಬಗ್ಗೆ ಪಿಡಿಒ ಅವರನ್ನು ಲಿಖಿತವಾಗಿ ಕೇಳಿ. ಬಾಯಿಮಾತಿನ ಭರವಸೆ ಅಧ್ಯಕ್ಷರು ಬದಲಾದೊಡನೆ ಹೋಗುತ್ತದೆ. ಉಳಿಯುವುದು ಕ್ರಿಯಾ ಯೋಜನೆಯಲ್ಲಿ ಸೇರಿದ ಸಾಲು. ಮುಂದಿನ ವರ್ಷದ ಯೋಜನೆಯ ಚರ್ಚೆ ಅಕ್ಟೋಬರ್ 2ರ ಸುಮಾರಿಗೆ ಶುರುವಾಗುತ್ತದೆ, ವಾರ್ಡ್ ಸಭೆ, ಗ್ರಾಮಸಭೆ ದಾಟಿ ಹೋಗುತ್ತದೆ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯನ್ನೂ ನಡೆಸಬೇಕು. 'ಸಂಜೆ ಓದಲು ನಮಗೊಂದು ಜಾಗ ಬೇಕು, ಅಲ್ಲಿ ಲೈಟು ಬೇಕು' ಎಂದು ಏಳನೇ ತರಗತಿಯ ಹುಡುಗಿ ಎದ್ದುನಿಂತು ಹೇಳಿ, ಅದು ನಡಾವಳಿ ಪುಸ್ತಕದಲ್ಲಿ ದಾಖಲಾದರೆ ನಿಮ್ಮ ಹತ್ತು ಮನವಿ ಪತ್ರಕ್ಕಿಂತ ಅದಕ್ಕೆ ತೂಕ ಹೆಚ್ಚು.

ಶಾಲೆಯ ಕೋಣೆಯೇ ಬೇಕಿದ್ದರೆ ಮುಖ್ಯ ಶಿಕ್ಷಕರ ಒಪ್ಪಿಗೆ ಮತ್ತು ಎಸ್‌ಡಿಎಂಸಿಯ ನಿರ್ಣಯ ಎರಡೂ ಇರಲಿ, ಪ್ರತಿಯನ್ನು ಬಿಇಒ ಕಚೇರಿಗೆ ಕೊಡಿ. ಶಾಲೆಗೆ ಬರುವ ಅನುದಾನದ ಮೇಲೆ ಕಣ್ಣಿಡಬೇಡಿ. ಸಮಗ್ರ ಶಿಕ್ಷಣದ ಮಾನದಂಡದಂತೆ ಮೂವತ್ತರೊಳಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 10,000, ನೂರರವರೆಗೆ 25,000 ರೂಪಾಯಿ. ಸೀಮೆಸುಣ್ಣ, ಕರೆಂಟು ಬಿಲ್ಲು, ಶೌಚಾಲಯದ ಸ್ವಚ್ಛತೆಗೇ ಅದು ಮುಗಿಯುತ್ತದೆ.

ಇನ್ನು ಊರಿನ ಹಣ. ಗೌರವಧನದ ಭಾರವನ್ನು ನಂಬಿ ಹೊರಿಸಬಹುದಾದದ್ದು ಇದರ ಮೇಲೆಯೇ. ಆ ಶಾಲೆಯಲ್ಲಿ ಓದಿ ಬೆಂಗಳೂರು, ಪುಣೆ, ಹುಬ್ಬಳ್ಳಿ ಸೇರಿದವರ ವಾಟ್ಸ್‌ಆ್ಯಪ್ ಗುಂಪು ಎಲ್ಲ ಊರಿಗೂ ಇದೆ. ಅವರಲ್ಲಿ 55 ಜನ ತಿಂಗಳಿಗೆ ಇನ್ನೂರು ರೂಪಾಯಿ ಕೊಟ್ಟರೆ ತಿಂಗಳಿಗೆ 11,000, ವರ್ಷಕ್ಕೆ 1,32,000. ಇಬ್ಬರ ಇಡೀ ವರ್ಷದ ಗೌರವಧನ ಅಲ್ಲಿಗೆ ಮುಗಿಯಿತು. ಒಬ್ಬ ದೊಡ್ಡ ದಾನಿ ಕೈಬಿಟ್ಟರೆ ಕೇಂದ್ರ ಮುಚ್ಚುತ್ತದೆ, 55 ಜನರಲ್ಲಿ ನಾಲ್ವರು ಬಿಟ್ಟರೆ ಬೇರೆ ನಾಲ್ವರನ್ನು ಹುಡುಕಬಹುದು. ಪ್ರತಿ ತಿಂಗಳು ನೆನಪಿಸಿ ಕೇಳುವುದು ಇಬ್ಬರಿಗೂ ಮುಜುಗರ. ಖಾತೆಯಿಂದ ಒಂದನೇ ತಾರೀಕು ತಾನಾಗಿ ವರ್ಗವಾಗುವಂತೆ ಬ್ಯಾಂಕಿಗೆ ಸೂಚನೆ ಕೊಡಿಸಿಬಿಡಿ. ತಿಂಡಿಗೆ ಬೇರೆ ದಾರಿ. ನಲವತ್ತು ಮಕ್ಕಳ ಒಂದು ದಿನದ ತಿಂಡಿ 400 ರೂಪಾಯಿ. ಮಗುವಿನ ಹುಟ್ಟುಹಬ್ಬ, ಹಿರಿಯರ ವರ್ಷಾಬ್ದಿ, ಗೃಹಪ್ರವೇಶಕ್ಕೆ ಒಂದು ಸಂಜೆ ವಹಿಸಿಕೊಳ್ಳಿ ಎಂದರೆ ಇಲ್ಲ ಎನ್ನುವವರು ಕಡಿಮೆ. ಹಾಲಿನ ಸೊಸೈಟಿಗಳು, ಪತ್ತಿನ ಸಹಕಾರ ಸಂಘಗಳು ಲಾಭ ವಿಂಗಡಿಸುವಾಗ ಧರ್ಮಾರ್ಥಕ್ಕೆಂದು ಒಂದಿಷ್ಟು ಎತ್ತಿಡಲು ಅವಕಾಶವಿದೆ. ವಾರ್ಷಿಕ ಮಹಾಸಭೆಗೆ ಮುಂಚೆಯೇ ಆಡಳಿತ ಮಂಡಳಿಯನ್ನು ಕಾಣಿ. ಜಾತ್ರಾ ಸಮಿತಿ, ಗಣೇಶ ಮಂಡಳಿಯ ಉಳಿಕೆ ಹಣವನ್ನೂ ಕೇಳಬಹುದು, ಅದನ್ನು ಪುಸ್ತಕ, ಆಟದ ಸಾಮಾನಿನಂಥ ಒಂದಾವರ್ತಿ ಖರ್ಚಿಗೆ ಇಟ್ಟುಕೊಳ್ಳಿ.

ಊರಿನ ಹಣ ಬೇಗ ಬರುತ್ತದೆ, ಅಷ್ಟೇ ಬೇಗ ಗುಮಾನಿಯನ್ನೂ ತರುತ್ತದೆ. ಬಹಳಷ್ಟು ಒಳ್ಳೆಯ ಕೆಲಸ ಮುರಿದುಬಿದ್ದದ್ದು 'ಲೆಕ್ಕ ಎಲ್ಲಿ?' ಎಂಬ ಒಂದೇ ಪ್ರಶ್ನೆಯಿಂದ. ಕ್ರಮಸಂಖ್ಯೆ ಅಚ್ಚಾದ ರಸೀದಿ ಪುಸ್ತಕ ಮಾಡಿಸಿ. ಹರಿದು ಕೊಟ್ಟ ರಸೀದಿಯ ಅಡಿಪ್ರತಿಯಲ್ಲಿ ಹೆಸರು, ಮೊತ್ತ, ಯಾವ ಬಾಬ್ತಿಗೆ ಎಂಬುದು ಇರಲಿ. ತಪ್ಪಾದ ರಸೀದಿಯನ್ನು ಹರಿದು ಬಿಸಾಡದೆ 'ರದ್ದು' ಎಂದು ಬರೆದು ಪುಸ್ತಕದಲ್ಲೇ ಉಳಿಸಿ. ಇಪ್ಪತ್ತು ರೂಪಾಯಿಯ ಬಾಳೆಹಣ್ಣಿಗೂ ವೋಚರ್ ಇರಲಿ. ಖಾತೆ ವ್ಯಕ್ತಿಯ ಹೆಸರಲ್ಲಿ ಬೇಡ, ಸಂಘದ ಹೆಸರಲ್ಲಿ ಇರಲಿ. ಹಣ ತೆಗೆಯಲು ಇಬ್ಬರ ಸಹಿ ಬೇಕು, ಆ ಇಬ್ಬರು ಒಂದೇ ಮನೆಯವರಾಗಿರಬಾರದು. ಗೌರವಧನ ನೇರವಾಗಿ ಕಲಿಸುವವರ ಖಾತೆಗೆ ಹೋಗಲಿ. ತಿಂಗಳ ಜಮಾ–ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ಹಾಲಿನ ಡೇರಿಯ ಗೋಡೆಗೆ ಅಂಟಿಸಿ. ಬೆಳಗ್ಗೆ, ಸಂಜೆ ಊರು ಸೇರುವ ಜಾಗ ಅದು.

ನೋಂದಣಿ, ಕಂಪನಿ, ಪರದೇಶ

ಊರಿನ ವಂತಿಗೆಯಲ್ಲೇ ನಡೆಯುವ ಪುಟ್ಟ ಕೇಂದ್ರ ಮೊದಲ ದಿನವೇ ದೊಡ್ಡ ಕಾಗದಪತ್ರಕ್ಕೆ ಕೈಹಾಕಬೇಕಿಲ್ಲ. ಎಷ್ಟೋ ಊರಲ್ಲಿ ಹಳೆಯ ಯುವಕ ಸಂಘ, ಮಹಿಳಾ ಮಂಡಳಿ ಹೆಸರಿಗೆ ಬದುಕಿರುತ್ತವೆ. ವರ್ಷವರ್ಷ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಸಲ್ಲಿಸದೆ ಬಿಟ್ಟಿರುತ್ತಾರೆ. ಅದನ್ನು ಸರಿಪಡಿಸಿಕೊಂಡರೆ ಅದೇ ಸಾಕಾಗಬಹುದು. ಹೊಸದಾಗಿ ಮಾಡುವುದಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಸಂಘ ಮಾಡಬಹುದು, ಇಲ್ಲವೇ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಟ್ರಸ್ಟ್ ಪತ್ರ ಬರೆಸಬಹುದು. ಸದಸ್ಯರು ಚುನಾಯಿಸುವ, ಮಹಾಸಭೆಗೆ ಲೆಕ್ಕ ಒಪ್ಪಿಸುವ ಸಂಘವೇ ಊರಿನ ಕೆಲಸಕ್ಕೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಮುಂದಿನ ಮೆಟ್ಟಿಲು ಆದಾಯ ತೆರಿಗೆ ಇಲಾಖೆಯ ನೋಂದಣಿ. ಒಂದು ಸಂಸ್ಥೆಯ ವರಮಾನಕ್ಕೆ ವಿನಾಯಿತಿ ಕೊಡುವ 12ಎಬಿ, ಇನ್ನೊಂದು ದಾನಿಗೆ ವಿನಾಯಿತಿ ಕೊಡುವ 80ಜಿ. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದು ಕಲಮುಗಳ ಸಂಖ್ಯೆ ಬದಲಾಗಿದ್ದರೂ ಜನರ ಬಾಯಲ್ಲಿರುವುದು ಈ ಹಳೇ ಹೆಸರುಗಳೇ. ಹೊಸ ಸಂಸ್ಥೆಗೆ ಮೊದಲು ಮೂರು ವರ್ಷಕ್ಕೆ ತಾತ್ಕಾಲಿಕ ನೋಂದಣಿ ಸಿಗುತ್ತದೆ. ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ದಾನಿಗೆ ವಿನಾಯಿತಿ ಸಿಗದು, ಚೆಕ್ಕು ಅಥವಾ ಯುಪಿಐಯಲ್ಲೇ ತೆಗೆದುಕೊಳ್ಳಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ಸಂಬಳದಾರರಿಗೆ 80ಜಿ ಲಾಭವೇ ಇಲ್ಲ, ಮತ್ತು ಈಗ ಹೆಚ್ಚಿನವರು ಆ ಪದ್ಧತಿಯಲ್ಲೇ ಇದ್ದಾರೆ. ಆದ್ದರಿಂದ ತಿಂಗಳಿಗೆ ಇನ್ನೂರು ಕೊಡುವವರನ್ನು ಕೇಳಲು 80ಜಿ ಬರಲಿ ಎಂದು ಕಾಯುತ್ತ ಕೂರಬೇಕಿಲ್ಲ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣಕ್ಕೆ ಮಾತ್ರ 12ಎಬಿ, 80ಜಿ ಎರಡೂ ಬೇಕೇ ಬೇಕು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ಹಿಂದಿನ ವರ್ಷ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. ಈ ಕೊನೆಯ ಮಿತಿ ಚಿಕ್ಕದು, ಅದೇ ನಿಮಗೆ ಅನುಕೂಲ. ದೊಡ್ಡ ಹೆಸರಿನ ಕಂಪನಿಯ ಬಾಗಿಲಲ್ಲಿ ನೂರು ಜನ ನಿಂತಿರುತ್ತಾರೆ. ನಿಮ್ಮ ತಾಲ್ಲೂಕಿನ ಸಕ್ಕರೆ ಕಾರ್ಖಾನೆ, ಸಿಮೆಂಟ್ ಘಟಕ, ಪವನ ವಿದ್ಯುತ್ ಕಂಪನಿಯನ್ನು ಕೇಳಿದವರು ಕಡಿಮೆ. ಸರಾಸರಿ ಆರು ಕೋಟಿ ಲಾಭವಿರುವ ಕಂಪನಿಗೆ ವರ್ಷಕ್ಕೆ ಹನ್ನೆರಡು ಲಕ್ಷ ವೆಚ್ಚ ಮಾಡುವ ಹೊಣೆ ಇರುತ್ತದೆ, ನಿಮ್ಮ ಕೇಂದ್ರದ ಇಡೀ ವರ್ಷದ ಖರ್ಚು ಅದರ ಕಾಲುಭಾಗವೂ ಅಲ್ಲ. ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ.

ಷರತ್ತುಗಳಿವೆ. ಹಣ ಪಡೆಯುವ ಸಂಸ್ಥೆ ಕಂಪನಿ ವ್ಯವಹಾರ ಸಚಿವಾಲಯದಲ್ಲಿ ಸಿಎಸ್‌ಆರ್–1 ನಮೂನೆ ಸಲ್ಲಿಸಿ ಸಂಖ್ಯೆ ಪಡೆದಿರಬೇಕು, ಅಂಥ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು. ನಿನ್ನೆ ಹುಟ್ಟಿದ ಸಂಘಕ್ಕೆ ನೇರವಾಗಿ ಸಿಗದು. ಆಗ ಜಿಲ್ಲೆಯಲ್ಲಿ ಹೆಸರು ಮಾಡಿದ ಹಳೆಯ ಸಂಸ್ಥೆಯೊಂದರ ಕಾರ್ಯಕ್ರಮವಾಗಿ ನಿಮ್ಮ ಕೇಂದ್ರ ನಡೆಯಬಹುದು, ಹಣ ಅವರ ಖಾತೆಗೆ ಬರುತ್ತದೆ, ಯಾರ ಹೊಣೆ ಎಷ್ಟು ಎಂಬ ಕರಾರು ಕಾಗದದಲ್ಲಿರಲಿ. ಪ್ರಸ್ತಾವ ಬರೆಯುವಾಗ ಒಂದು ತಪ್ಪು ಮೇಲಿಂದ ಮೇಲೆ ಆಗುತ್ತದೆ. ಆಡಳಿತ ವೆಚ್ಚಕ್ಕೆ ಶೇ 5ರ ಮಿತಿ ಇದೆ ಎಂದು ಯಾರೋ ಹೇಳುತ್ತಾರೆ, ಹೆದರಿದ ಸಂಘದವರು ಕಲಿಸುವವರ ಗೌರವಧನವನ್ನೇ ಕತ್ತರಿಸಿ ಬ್ಯಾಗು, ಟ್ಯಾಬ್ಲೆಟ್ಟು ಸೇರಿಸುತ್ತಾರೆ. ಆ ಮಿತಿ ಇರುವುದು ಕಂಪನಿಯು ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ವೆಚ್ಚಕ್ಕೆ. ಮಕ್ಕಳಿಗೆ ಕಲಿಸುವವರ ಗೌರವಧನ ಯೋಜನೆಯ ನೇರ ಖರ್ಚು. ಅದನ್ನು 'ಆಡಳಿತ'ದ ಸಾಲಿನಲ್ಲಿ ಬರೆಯದೆ 'ಕಲಿಕೆ' ಎಂಬ ತಲೆಬರಹದಡಿ ಮೊದಲ ಸಾಲಾಗಿ ಬರೆಯಿರಿ. ಒಂದೇ ವರ್ಷಕ್ಕೆ ಕೇಳುವ ಬದಲು ಮೂರು ವರ್ಷದ ಯೋಜನೆಯಾಗಿ ಕೇಳಿ, ಹಲವು ವರ್ಷ ಮುಂದುವರಿಯುವ ಯೋಜನೆಗೆ ನಿಯಮದಲ್ಲಿ ಅವಕಾಶವಿದೆ.

ಪರದೇಶದಲ್ಲಿರುವ ಊರಿನವರು ಕೊಡುತ್ತೇವೆಂದರೆ ಮೊದಲು ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳಿ. ಭಾರತದ ಪೌರತ್ವ ಉಳಿಸಿಕೊಂಡಿರುವ ಅನಿವಾಸಿ ಕನ್ನಡಿಗ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಎನಿಸಿಕೊಳ್ಳದು. ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡ್ ಹೊಂದಿರುವ ಅವರ ತಮ್ಮ ಕಳಿಸಿದರೆ, ಅಥವಾ ಅಲ್ಲಿನ ಕನ್ನಡ ಕೂಟ ಕಳಿಸಿದರೆ, ಅದು ವಿದೇಶಿ ದೇಣಿಗೆ. ಅದನ್ನು ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಮತ್ತು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಪ್ರತ್ಯೇಕ ಖಾತೆ ಬೇಕು. 2020ರ ತಿದ್ದುಪಡಿಯ ನಂತರ ಅನುಮತಿ ಇರುವ ದೊಡ್ಡ ಸಂಸ್ಥೆ ಆ ಹಣವನ್ನು ನಿಮಗೆ ದಾಟಿಸುವಂತೆಯೂ ಇಲ್ಲ. ಪ್ರೀತಿಯಿಂದ ಬಂದ ಹಣವೇ ಸಂಘವನ್ನು ಕಾನೂನಿನ ತೊಡಕಿಗೆ ಸಿಕ್ಕಿಸುವ ಜಾಗ ಇದು.

ದೊಡ್ಡ ಮಕ್ಕಳ ಜತೆಗಿರುವ ಅಣ್ಣ–ಅಕ್ಕ

ಎಂಟನೇ ತರಗತಿ ದಾಟಿದವರಿಗೆ ಪಾಠಕ್ಕಿಂತ ದಾರಿ ತೋರಿಸುವವರು ಬೇಕು. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐಯೋ ಪಿಯುಸಿಯೋ, ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಯಾವಾಗ, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಸಂಖ್ಯೆ ತಾಳೆಯಾಗದಿದ್ದರೆ ಏನು ಮಾಡಬೇಕು ಎಂಬುದನ್ನು ಹೇಳಿಕೊಡಲು ಓದಿದ ಅಣ್ಣ, ಅಕ್ಕ ಇಲ್ಲದ ಮನೆಗಳೇ ಹೆಚ್ಚು. ಬೆಂಗಳೂರಿನಲ್ಲಿ 2009ರಲ್ಲಿ ಶುರುವಾದ ಮೆಂಟರ್ ಟುಗೆದರ್‌ನಂಥ ಸಂಸ್ಥೆಗಳು ಒಬ್ಬ ಹದಿಹರೆಯದವರಿಗೆ ಒಬ್ಬ ಹಿರಿಯ ಒಡನಾಡಿಯನ್ನು ಜೋಡಿಸುವ ಕೆಲಸವನ್ನೇ ಮಾಡುತ್ತ ಬಂದಿವೆ. ಊರಿನ ಮಟ್ಟದಲ್ಲಿ ಇದಕ್ಕೆ ತಗಲುವ ಹಣ ಕಡಿಮೆ: ತಿಂಗಳಿಗೆರಡು ಭೇಟಿಯ ಬಸ್ ಚಾರ್ಜು, ವರ್ಷಕ್ಕೆರಡು ತರಬೇತಿ. 2023ರ ಜೂನ್‌ನಿಂದ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದಿರುವುದರಿಂದ ತಾಲ್ಲೂಕು ಕೇಂದ್ರದಲ್ಲಿ ಡಿಗ್ರಿ ಓದುವ ಹುಡುಗಿಯರು ಬರುವುದಾದರೆ ಬಸ್ ಚಾರ್ಜೂ ಉಳಿಯುತ್ತದೆ. ದೊರೆಯುವ ಪ್ರತಿಫಲವನ್ನು ರೂಪಾಯಿಯಲ್ಲೂ ತೋರಿಸಬಹುದು. ಎಂಟನೇ ತರಗತಿಯಲ್ಲಿ ಬರೆಯುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಆಯ್ಕೆಯಾದರೆ, ಮನೆಯ ಆದಾಯ ಮೂರೂವರೆ ಲಕ್ಷದೊಳಗಿದ್ದರೆ, ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಒಂದು ಮಗುವಿಗೆ ನಾಲ್ಕು ವರ್ಷಕ್ಕೆ 48,000. ಒಡನಾಡಿಯಾಗುವವರಿಂದ ಒಂದು ವರ್ಷ ಬಿಡದೆ ಬರುವ ಮಾತು ತೆಗೆದುಕೊಳ್ಳಿ. ಮೂರು ತಿಂಗಳು ಬಂದು ಮಾಯವಾಗುವ ಅಣ್ಣ ಮಗುವಿನ ಮನಸ್ಸಿಗೆ ಮಾಡುವ ಗಾಯ ದೊಡ್ಡದು.

ಮಕ್ಕಳ ಸುರಕ್ಷತೆಗೆ ಬಜೆಟ್ಟಿನಲ್ಲಿ ಸಾಲು ಇರಲೇಬೇಕು. ಯಾವ ಹೊತ್ತಿನಲ್ಲೂ ಕೇಂದ್ರದಲ್ಲಿ ಇಬ್ಬರು ಹಿರಿಯರು ಇರಬೇಕು, ಅದಕ್ಕೇ ನಾನು ಮೇಲಿನ ಲೆಕ್ಕದಲ್ಲಿ ಇಬ್ಬರ ಗೌರವಧನ ಹಿಡಿದದ್ದು. ಬರುವ ಪ್ರತಿಯೊಬ್ಬರ ಗುರುತು, ಹಿನ್ನೆಲೆ ಪರಿಶೀಲಿಸಿ. ಮಗುವಿನ ಮೇಲೆ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಡಿ ಕಡ್ಡಾಯ, ಮುಚ್ಚಿಡುವುದು ಅಪರಾಧ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆ ಗೋಡೆಯ ಮೇಲೆ ದೊಡ್ಡದಾಗಿ ಇರಲಿ. ಬ್ಯಾಗು ಹಿಡಿದ ಮಗುವನ್ನು ದಾನಿಯ ಪಕ್ಕ ನಿಲ್ಲಿಸಿ ಫೋಟೊ ತೆಗೆಯುವುದನ್ನು ದಯವಿಟ್ಟು ಬಿಡಿ. ತೆಗೆದುಕೊಳ್ಳುವ ಕೈಯಾಗಿ ಊರಿನೆದುರು ಕಾಣಿಸಿಕೊಳ್ಳಲು ಯಾವ ಮಗುವಿಗೂ ಇಷ್ಟವಿರುವುದಿಲ್ಲ.

ಹಣ ಬರುವ ಕಾಲ, ವರದಿ ಕೊಡುವ ಕಾಲ

ಕಂಪನಿಯ ಹಣ ಸಾಮಾನ್ಯವಾಗಿ ಆರ್ಥಿಕ ವರ್ಷದ ಕೊನೆಗೆ ಒತ್ತಟ್ಟಾಗಿ ಬರುತ್ತದೆ. ಶಾಲೆ ಶುರುವಾಗುವುದು ಮೇ ಕೊನೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈ ಖಾಲಿ ಇರುವ ಸಂಘಗಳು ಗೌರವಧನ ಬಾಕಿ ಇಡುತ್ತವೆ, ಕಲಿಸುವ ಹುಡುಗಿ ಅಂಗಡಿ ಕೆಲಸಕ್ಕೆ ಸೇರುತ್ತಾಳೆ, ಮುಂದೆ ಹಣ ಬಂದಾಗ ಆಕೆ ಇರುವುದಿಲ್ಲ. ಮೂರು ತಿಂಗಳ ಗೌರವಧನ ಮತ್ತು ತಿಂಡಿಯ ಮೊತ್ತ, ಮೇಲಿನ ಲೆಕ್ಕದಲ್ಲಿ ಸುಮಾರು 58,000 ರೂಪಾಯಿ, ಖಾತೆಯಲ್ಲಿ ಎತ್ತಿಟ್ಟ ಮೇಲೆಯೇ ಕೇಂದ್ರ ತೆರೆಯಿರಿ.

ವರದಿಯಲ್ಲಿ ಮೊದಲು ಬರೆಯಬೇಕಾದದ್ದು ಹಾಜರಿ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಊರಿನ ಸ್ವಯಂಸೇವಕರು ಶಾಲೆಯ ಹೊರಗೆ ಓದಿನ ಶಿಬಿರ ನಡೆಸಿದ್ದನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅಧ್ಯಯನ ಮಾಡಿದ್ದಾರೆ. ಶಿಬಿರಕ್ಕೆ ಬಂದ, ಓದು ಬಾರದ ಮಕ್ಕಳು ಚೆನ್ನಾಗಿ ಕಲಿತರು. ಆದರೆ ಊರಿನ ಮಕ್ಕಳಲ್ಲಿ ಬಂದವರು ನೂರಕ್ಕೆ ಹತ್ತರಷ್ಟೂ ಇರಲಿಲ್ಲ. ತಿಂಡಿಗೆ, ಆಟಕ್ಕೆ, ಬಾರದ ಮಗುವಿನ ಮನೆಗೆ ಹೋಗಿ ವಿಚಾರಿಸುವುದಕ್ಕೆ ಹಣ ಇಡಿ ಎಂದು ದಾನಿಯನ್ನು ಒಪ್ಪಿಸಲು ಇದಕ್ಕಿಂತ ಒಳ್ಳೆಯ ಆಧಾರ ಬೇಡ. ಎರಡನೆಯದು ಕಲಿಕೆ. ಜೂನ್‌ನಲ್ಲಿ ಪ್ರತಿ ಮಗುವಿನಿಂದ ಓದಿಸಿ, ಅಕ್ಷರ, ಪದ, ಚಿಕ್ಕ ವಾಕ್ಯ, ಕಥೆ ಎಂಬ ನಾಲ್ಕು ಮನೆಗಳಲ್ಲಿ ಯಾವುದರಲ್ಲಿದೆ ಎಂದು ಹೆಸರಿನ ಮುಂದೆ ಗುರುತು ಹಾಕಿ. ಸೆಪ್ಟೆಂಬರ್‌ಗೆ ಮತ್ತೆ, ಡಿಸೆಂಬರ್‌ಗೆ ಮತ್ತೆ. ಪದದಲ್ಲಿದ್ದ ಹನ್ನೊಂದು ಮಕ್ಕಳಲ್ಲಿ ಏಳು ಮಕ್ಕಳು ಕಥೆಗೆ ಬಂದರೆ ಹಾಗೇ ಬರೆಯಿರಿ, ನಾಲ್ವರು ಅಲ್ಲೇ ಉಳಿದಿದ್ದರೆ ಅದನ್ನೂ, ಅದಕ್ಕೆ ಕಾರಣವನ್ನೂ ಬರೆಯಿರಿ. ದಾನಿಗೆ ಕಳಿಸುವ ಹಾಳೆಯಲ್ಲಿ ಮಕ್ಕಳ ಹೆಸರು ಬೇಡ, ಸಂಖ್ಯೆ ಸಾಕು. ಹಾಜರಿಯ ಸರಾಸರಿ, ಓದಿನ ಹಂತ, ಜಮಾ–ಖರ್ಚು ಮೂರೂ ಒಂದೇ ಹಾಳೆಯಲ್ಲಿ ಹಿಡಿಯುವಂತೆ ಮಾಡಿ, ಜನವರಿ ಮೊದಲ ವಾರವೇ ಕಳಿಸಿಬಿಡಿ. ಮುಂದಿನ ವರ್ಷದ ಹಣ ಯಾರಿಗೆ ಎಂದು ಕಂಪನಿಗಳು ಯೋಚಿಸಲು ಶುರುಮಾಡುವುದು ಆ ಹೊತ್ತಿಗೇ.